ಹಿತ್ತಲ ಬೆಳ್ಳುಳ್ಳಿ: ಶೀಗಿಯಿಂದ ಹೊಸ್ತಿಲ ಹುಣ್ಣಿಮೆವರೆಗೆ ಕಸಕ್ಕೆ ಎಡೆಗೊಡಬೇಡಿರಿ

ಬೆಳ್ಳುಳ್ಳಿ ಇಲ್ಲದೆ ನಮ್ಮ ಕಡೆಯ ಅಡಿಗೆಮನೆ ಒಂದು ದಿನವೂ ನಡೆಯದು. ಶೇಂಗಾ ಚಟ್ನಿಗೆ ಅದು ಬೇಕು, ಹಸಿ ಕೆಂಪು ಮೆಣಸಿನಕಾಯಿ ಅರೆದು ಮಾಡುವ ರಂಜಕಕ್ಕೆ ಬೇಕು, ಪಲ್ಯದ ಒಗ್ಗರಣೆಗೆ ಬೇಕು, ಮನೆಯಲ್ಲಿ ಬಾಣಂತಿ ಇದ್ದರಂತೂ ಬೇಕೇ ಬೇಕು. ಇಷ್ಟಾದರೂ ಅದನ್ನು ಸಂತೆಯಿಂದ ಕೊಂಡು ತರುವ ರೈತರೇ ಹೆಚ್ಚು. 2024ರ ಆರಂಭದಲ್ಲಿ ಬೆಳ್ಳುಳ್ಳಿಯ ಚಿಲ್ಲರೆ ದರ ಕಿಲೋಕ್ಕೆ 400 ರೂಪಾಯಿ ದಾಟಿದ್ದನ್ನು ನೀವು ಮರೆತಿರಲಾರಿರಿ. ಮುಂದೆ ದರ ಇಳಿಯಿತೆನ್ನಿ. ಆದರೆ ದೇಶದಲ್ಲಿ ಎಲ್ಲಕ್ಕಿಂತ ಹೆಚ್ಚು ಬೆಳ್ಳುಳ್ಳಿ ಬೆಳೆಯುವುದು ಮಧ್ಯಪ್ರದೇಶ. ಅಲ್ಲಿಯ ಮಂದಸೌರ, ನೀಮಚ್ ಕಡೆ ಬೆಳೆ ಕೆಟ್ಟರೆ ಹುಬ್ಬಳ್ಳಿಯ ಅಂಗಡಿಯಲ್ಲಿ ನಾವು ದಂಡ ತೆರಬೇಕಾಗುತ್ತದೆ.

ಒಂದು ಸಂಸಾರಕ್ಕೆ ತಿಂಗಳಿಗೆ ಅರ್ಧ ಕಿಲೋ ಬೆಳ್ಳುಳ್ಳಿ ಹಿಡಿದರೆ ವರ್ಷಕ್ಕೆ 6 ಕಿಲೋ ಆಯಿತು. ಇಷ್ಟನ್ನು ಬೆಳೆಯಲು ಎಕರೆ ಬೇಡ, ಗುಂಟೆಯೂ ಬೇಡ. ಹಿತ್ತಲಿನಲ್ಲಿ 10 ಅಡಿ ಉದ್ದ, 4 ಅಡಿ ಅಗಲದ ಎರಡು ಮಡಿ ಸಾಕು. ಸಾಲಿನಿಂದ ಸಾಲಿಗೆ 6 ಅಂಗುಲ, ಗಿಡದಿಂದ ಗಿಡಕ್ಕೆ 4 ಅಂಗುಲ ಬಿಟ್ಟು ಊರಿದರೆ ಒಂದು ಮಡಿಗೆ 7 ಸಾಲು, ಸಾಲಿಗೆ 30 ಗಿಡ, ಒಟ್ಟು 210 ಗಿಡ ಹಿಡಿಯುತ್ತವೆ. ಗಡ್ಡೆಯೊಂದು 15ರಿಂದ 20 ಗ್ರಾಂ ತೂಗಿದರೂ ಎರಡು ಮಡಿಯಿಂದ 6 ಕಿಲೋ ಮೀರಿ ಬರಬೇಕು.

ಲೆಕ್ಕವೇನೋ ಸರಿ. ಆದರೆ ಹಿತ್ತಲಲ್ಲಿ ಬೆಳ್ಳುಳ್ಳಿ ಊರಿದವರೆಲ್ಲ ಗಡ್ಡೆ ತಿಂದಿಲ್ಲ. ಎಷ್ಟೋ ಮನೆಗಳಲ್ಲಿ ಕಿತ್ತು ನೋಡಿದರೆ ಗೋಲಿಯಷ್ಟು ಗಡ್ಡೆ, ಇಲ್ಲವೇ ಎಸಳೇ ಒಡೆಯದ ಒಂಟಿ ಗುಂಡು. "ನಮ್ಮ ಮಣ್ಣಿಗೆ ಬೆಳ್ಳುಳ್ಳಿ ಒಗ್ಗುವುದಿಲ್ಲ" ಎಂದು ಅವರು ತೀರ್ಮಾನಿಸಿಬಿಡುತ್ತಾರೆ. ಮಣ್ಣಿನ ಮೇಲೆ ತಪ್ಪು ಹೊರಿಸುವ ಮೊದಲು ಆ ಮಡಿಯಲ್ಲಿ ಕಾರ್ತಿಕ ಮಾಸದಲ್ಲಿ ಏನು ಬೆಳೆದಿತ್ತೆಂದು ಕೇಳಿ ನೋಡಿರಿ. ಬಹುತೇಕ ಕಡೆ ಬೆಳ್ಳುಳ್ಳಿಗಿಂತ ಎತ್ತರಕ್ಕೆ ಕಸ ಬೆಳೆದಿರುತ್ತದೆ.

ಬೆಳ್ಳುಳ್ಳಿಗೇ ಏಕೆ ಇಷ್ಟು ತೊಂದರೆ?

ಕಳೆ ಎಲ್ಲ ಬೆಳೆಗೂ ಶತ್ರುವೇ. ಆದರೆ ಜೋಳ, ಹತ್ತಿ, ಅವರೆ ಮುಂತಾದವು ಒಮ್ಮೆ ಮೇಲೆದ್ದವೆಂದರೆ ತಮ್ಮ ಎಲೆಯ ನೆರಳಿನಿಂದಲೇ ಕೆಳಗಿನ ಕಸವನ್ನು ಅಡಗಿಸುತ್ತವೆ. ಬೆಳ್ಳುಳ್ಳಿಗೆ ಆ ಶಕ್ತಿ ಇಲ್ಲ. ಅದರ ಎಲೆ ಸಣ್ಣದು, ನೆಟ್ಟಗೆ ನಿಲ್ಲುವಂಥದು. ಬಿತ್ತಿದ ದಿನದಿಂದ ಕೀಳುವ ದಿನದವರೆಗೂ ಸಾಲಿನ ನಡುವೆ ಬಿಸಿಲು ಬೀಳುತ್ತಲೇ ಇರುತ್ತದೆ. ಬಿಸಿಲು ಬಿದ್ದಲ್ಲಿ ಕಸ ಹುಟ್ಟುತ್ತದೆ. ಮೇಲಾಗಿ ಎಸಳು ಊರಿದ ಮೇಲೆ ಮೊಳಕೆ ಮೇಲೆ ಕಾಣಲು 8-10 ದಿನ ಬೇಕು. ಹದವಿದ್ದ ಮಣ್ಣಿನಲ್ಲಿ ಕಸ ನಾಲ್ಕೈದು ದಿನಕ್ಕೇ ಏಳುತ್ತದೆ. ಹೀಗೆ ಓಟ ಸುರುವಾಗುವ ಮೊದಲೇ ಕಸ ಮುಂದಿರುತ್ತದೆ.

ಬೇರಿನ ಸಂಗತಿಯೂ ಹಾಗೆಯೇ. ಬೆಳ್ಳುಳ್ಳಿಯ ಬೇರು ಆಳಕ್ಕೆ ಇಳಿಯುವುದಿಲ್ಲ. ಅದರಲ್ಲಿ ಬಹುಪಾಲು ಮೇಲಿನ ಒಂದು ಗೇಣು ಮಣ್ಣಿನಲ್ಲಿಯೇ ಹರಡಿರುತ್ತದೆ. ನೀವು ಕೊಟ್ಟ ನೀರು, ಗೊಬ್ಬರ ಎಲ್ಲ ಇರುವುದೂ ಅಲ್ಲಿಯೇ, ಕಸದ ಬೇರು ಕೈಚಾಚುವುದೂ ಅಲ್ಲಿಗೇ. ಎಲೆಗಳು ಮೊದಲ ಎರಡು ತಿಂಗಳಲ್ಲಿ ಬಲಿಯಬೇಕು. ಆ ಎಲೆಗಳಲ್ಲಿ ಕೂಡಿಟ್ಟ ಸತ್ವ ಮುಂದಿನ ಎರಡು ತಿಂಗಳಲ್ಲಿ ಗಡ್ಡೆಗೆ ಇಳಿಯಬೇಕು. ಮೊದಲ ಎರಡು ತಿಂಗಳು ಸೊರಗಿದ ಗಿಡಕ್ಕೆ ಆಮೇಲೆ ಎಷ್ಟು ಉಪಚಾರ ಮಾಡಿದರೂ ಗಡ್ಡೆ ದಪ್ಪವಾಗದು. ಸುಗ್ಗಿ ಸಮೀಪಿಸಿದಾಗ ಎಚ್ಚತ್ತು ಮಡಿಯನ್ನು ಕನ್ನಡಿಯಂತೆ ಹಸನು ಮಾಡುವವರಿದ್ದಾರೆ. ಅದು ನೋಡಲು ಚೆಂದ, ಅಷ್ಟೆ. ಕಸವನ್ನು ಪೂರ್ತಿ ಬಿಟ್ಟುಬಿಟ್ಟರೆ ಅರ್ಧ ಬೆಳೆ ಹೋಗುವುದು ದೊಡ್ಡ ಮಾತಲ್ಲ, ಅದಕ್ಕೂ ಮಿಕ್ಕಿ ಹೋಗುವುದುಂಟು.

ಆದ್ದರಿಂದ ನೆನಪಿಡಬೇಕಾದ ಅವಧಿ ಇಷ್ಟೇ: ಊರಿದ ದಿನದಿಂದ 60 ದಿನ. ನಮ್ಮ ಭಾಗದಲ್ಲಿ ತಾರೀಖಿಗಿಂತ ಹುಣ್ಣಿಮೆಗಳ ಲೆಕ್ಕ ಮನಸ್ಸಿನಲ್ಲಿ ನಿಲ್ಲುತ್ತದೆ. ಶೀಗಿ ಹುಣ್ಣಿಮೆಗೆ ಊರಿದರೆ 30 ದಿನಕ್ಕೆ ಗೌರಿ ಹುಣ್ಣಿಮೆ, 60 ದಿನಕ್ಕೆ ಹೊಸ್ತಿಲ ಹುಣ್ಣಿಮೆ. ಬನದ ಹುಣ್ಣಿಮೆಗೆ ಗಡ್ಡೆ ಕಟ್ಟುತ್ತಿರುತ್ತದೆ. ಭಾರತ ಹುಣ್ಣಿಮೆ ಕಳೆದು ಹೋಳಿ ಹುಣ್ಣಿಮೆ ಬರುವಷ್ಟರಲ್ಲಿ ಬೆಳ್ಳುಳ್ಳಿ ಮನೆಯೊಳಗೆ ಬಂದಿರುತ್ತದೆ. ಅಧಿಕ ಮಾಸ ಬಂದ ವರ್ಷ ಶೀಗಿ ಹುಣ್ಣಿಮೆ ಅಕ್ಟೋಬರ್ ಕೊನೆಗೆ ಸರಿಯುತ್ತದೆ; ಆಗ ಹುಣ್ಣಿಮೆಗೆ ಕಾಯದೆ ಚಿತ್ತಾ ಮಳೆ ಹೊಳವಾದ ಕೂಡಲೇ ಊರಬಹುದು. ನವೆಂಬರ್ ಮಧ್ಯವನ್ನು ಮಾತ್ರ ದಾಟಿಸಬೇಡಿರಿ. ಬೆಳ್ಳುಳ್ಳಿಗೆ ಎಲೆ ಬಲಿಯಲು ಚಳಿ ಬೇಕು. ತಡವಾದಷ್ಟೂ ಬೇಸಗೆಯ ಬಿಸಿ ಬೇಗ ತಗಲಿ ಗಿಡ ಸಣ್ಣದಿರುವಾಗಲೇ ಗಡ್ಡೆ ಕಟ್ಟಿಬಿಡುತ್ತದೆ.

ಊರುವ ಮೊದಲೇ ಕಸ ತೆಗೆಯಿರಿ

ಇದೇನು ವಿಚಿತ್ರ, ಬೆಳೆಯೇ ಇಲ್ಲದೆ ಕಸ ತೆಗೆಯುವುದೇ ಎನ್ನಬಹುದು. ಕೆಲಸ ಅರ್ಧ ಹಗುರಾಗುವುದು ಇಲ್ಲಿಯೇ.

ಗಣಪತಿಯನ್ನು ಕಳಿಸಿದ ಮೇಲೆ, ಅಂದರೆ ಶೀಗಿ ಹುಣ್ಣಿಮೆಗೆ ಒಂದು ತಿಂಗಳು ಮೊದಲು, ಹಿತ್ತಲ ಜಾಗವನ್ನು ಗುದ್ದಲಿಯಿಂದ ಒಂದು ಗೇಣು ಅಗೆದು, ಹೆಂಟೆ ಒಡೆದು, ಮಡಿ ಕಟ್ಟಿಬಿಡಿರಿ. ಗೊಬ್ಬರವನ್ನೂ ಆಗಲೇ ಸೇರಿಸಿರಿ. ಆಮೇಲೆ ಏನನ್ನೂ ಊರದೆ ಬಿಡಿರಿ. ಮಳೆ ಬಂದರೆ ಸರಿ, ಬಾರದಿದ್ದರೆ ಎರಡು ಕೊಡ ನೀರು ಚಿಮುಕಿಸಿರಿ. ಮೇಲ್ಮಣ್ಣಿನಲ್ಲಿ ಮಲಗಿದ್ದ ಕಸದ ಬೀಜ, ಗೊಬ್ಬರದ ಜತೆ ಬಂದ ಬೀಜ ಎಲ್ಲ ಹತ್ತು ಹನ್ನೆರಡು ದಿನದಲ್ಲಿ ಹಸಿರಾಗಿ ಏಳುತ್ತವೆ. ಮಹಾನವಮಿ ಅಮಾವಾಸ್ಯೆಯ ಹೊತ್ತಿಗೆ ಬಿಸಿಲು ಬಿದ್ದ ಒಂದು ದಿನ ಕುರ್ಪಿಯಿಂದ ಅವನ್ನು ಸವರಿಹಾಕಿರಿ. ಹಬ್ಬ ಮುಗಿದ ಮೇಲೆ ಮತ್ತೊಮ್ಮೆ ಹಾಗೆಯೇ ಮಾಡಿ, ಆಮೇಲೆ ಎಸಳು ಊರಿರಿ.

ಒಂದು ಎಚ್ಚರಿಕೆ ಬೇಕು. ಹೀಗೆ ಸವರುವಾಗ ಅರ್ಧ ಅಂಗುಲಕ್ಕಿಂತ ಆಳಕ್ಕೆ ಹೋಗಬಾರದು. ಆಳಕ್ಕೆ ಅಗೆದರೆ ಕೆಳಗಿದ್ದ ಹೊಸ ಬೀಜಗಳನ್ನು ಮೇಲಕ್ಕೆ ತಂದು ಬಿತ್ತಿದಂತಾಗುತ್ತದೆ. ಹಸನು ಮಾಡುವ ಉತ್ಸಾಹದಲ್ಲಿ ಊರುವ ದಿನ ಮತ್ತೆ ಮಡಿಯನ್ನು ತಿರುವಿಹಾಕುವವರು ಒಂದು ತಿಂಗಳ ಕೆಲಸವನ್ನು ತಾವೇ ಹಾಳುಮಾಡುತ್ತಾರೆ.

ತಿಪ್ಪೆಗೊಬ್ಬರದ ಬಗ್ಗೆಯೂ ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ಒಂದು ಮಡಿಗೆ ಒಂದು ಬುಟ್ಟಿ, ಅಂದರೆ 10 ಕಿಲೋದಷ್ಟು, ಪೂರಾ ಕಳಿತ ಗೊಬ್ಬರ ಸಾಕು. ಅರೆಕಳಿತ ಗೊಬ್ಬರದಲ್ಲಿ ದನ ತಿಂದ ಹುಲ್ಲಿನ ಬೀಜ ಜೀವಂತವಾಗಿ ಇರುತ್ತದೆ. ಗೊಬ್ಬರವನ್ನು ಹಿಂಡಿದಾಗ ಸಗಣಿಯ ವಾಸನೆ ಹೋಗಿ ಮಣ್ಣಿನ ವಾಸನೆ ಬರಬೇಕು; ಕಡ್ಡಿ ಕಸರು ಗುರುತು ಸಿಗಬಾರದು. ಅಂಥದು ಇಲ್ಲದಿದ್ದರೆ ಎರೆಗೊಬ್ಬರ ಬಳಸಿರಿ.

ಜೇಕು ಇದ್ದ ಜಾಗ ಬೇಡ

ಕಸದಲ್ಲಿಯೂ ಜಾತಿ ಉಂಟು, ಎಲ್ಲಕ್ಕೂ ಒಂದೇ ಮದ್ದು ನಡೆಯದು. ಬೀಜದಿಂದ ಹುಟ್ಟುವ ಕಸ ಕುರ್ಪಿಗೆ ಹೆದರುತ್ತದೆ. ಜೇಕು ಹೆದರುವುದಿಲ್ಲ. ಅದರ ಬಲ ನೆಲದೊಳಗಿನ ಗಡ್ಡೆಯಲ್ಲಿದೆ. ಮೇಲಿನ ಹುಲ್ಲನ್ನು ಕೊಯ್ದರೆ ನಾಲ್ಕೇ ದಿನಕ್ಕೆ ಮತ್ತೆ ಚಿಗುರುತ್ತದೆ. ಕಿತ್ತರೆ ಎಳೆ ಹರಿದು ಗಡ್ಡೆ ಒಳಗೇ ಉಳಿಯುತ್ತದೆ; ಒಂದು ಗಡ್ಡೆಗೆ ಇನ್ನೊಂದು ಸರದ ಮಣಿಯಂತೆ ಹೆಣೆದುಕೊಂಡಿರುತ್ತದೆ. ಹೊದಿಕೆ ಹಾಕಿದರೆ ಅದನ್ನೂ, ಪ್ಲಾಸ್ಟಿಕ್ ಹಾಳೆ ಹಾಸಿದರೆ ಅದನ್ನೂ ಚುಚ್ಚಿಕೊಂಡು ಮೇಲೇಳುತ್ತದೆ. ಬೆಳ್ಳುಳ್ಳಿಯ ಸಾಲಿನಲ್ಲಿ ಅದನ್ನು ಅಗೆದು ತೆಗೆಯಹೋದರೆ ಬೆಳ್ಳುಳ್ಳಿಯ ಬೇರೂ ಅದರ ಜತೆಗೆ ಬರುತ್ತದೆ.

ಆದುದರಿಂದ ಜೇಕು ದಟ್ಟವಾಗಿರುವ ಮೂಲೆಯಲ್ಲಿ ಈ ವರ್ಷ ಬೆಳ್ಳುಳ್ಳಿ ಹಾಕಲೇಬೇಡಿರಿ. ಆ ಜಾಗವನ್ನು ಏಪ್ರಿಲ್-ಮೇ ತಿಂಗಳ ಉರಿಬಿಸಿಲಿಗೆ ಕಾದಿಡಿರಿ. ಆಗ ಒಂದು ಗೇಣಿಗಿಂತ ಆಳ ಅಗೆದು, ಗಡ್ಡೆಗಳನ್ನು ಆರಿಸಿ ತೆಗೆದು, ಉಳಿದದ್ದನ್ನು ಬಿಸಿಲಿಗೆ ಒಡ್ಡಿದರೆ ಒಣಗಿ ಸಾಯುತ್ತವೆ. ಒಂದೇ ಬೇಸಗೆಯಲ್ಲಿ ತೀರದು, ಎರಡು ಬೇಸಗೆ ಬೇಕಾದೀತು. ಆರಿಸಿದ ಗಡ್ಡೆಗಳನ್ನು ತಿಪ್ಪೆಗೆ ಹಾಕಬೇಡಿರಿ; ಅಲ್ಲಿಂದ ಗೊಬ್ಬರದ ಜತೆ ಊರೆಲ್ಲ ತಿರುಗಿ ಬರುತ್ತವೆ. ಕರಕಿಯದೂ ಇದೇ ಕತೆ. ಅದರ ಬಳ್ಳಿಯ ಗಿಣ್ಣು ಗಿಣ್ಣಿನಲ್ಲೂ ಬೇರು ಬಿಡುವ ಗುಣವಿದೆ. ಗಣಪತಿ ಪೂಜೆಗೆ ಎಷ್ಟು ಬೇಕೋ ಅಷ್ಟನ್ನು ಬೇಲಿಯ ಬದಿಗೆ ಬಿಟ್ಟು ಮಡಿಯೊಳಗಿನದನ್ನು ಬುಡಸಹಿತ ಎಳೆಯಬೇಕು.

ಕಾಂಗ್ರೆಸ್ ಕಸವನ್ನು ಪರಿಚಯಿಸಬೇಕಾಗಿಲ್ಲ. 1950ರ ದಶಕದಲ್ಲಿ ಪುಣೆಯ ಹತ್ತಿರ ಕಾಣಿಸಿಕೊಂಡದ್ದು ಇಂದು ನಮ್ಮ ಹಿತ್ತಲ ಬಾಗಿಲಿಗೆ ಬಂದು ನಿಂತಿದೆ. ಒಂದು ಗಿಡ ಹತ್ತು ಸಾವಿರಕ್ಕೂ ಮಿಕ್ಕಿ ಬೀಜ ಉದುರಿಸಬಲ್ಲದು. ಬಿಳಿ ಹೂ ಕಾಣುವ ಮೊದಲೇ ಕೀಳಬೇಕು. ಬರಿಗೈಯಿಂದ ಮುಟ್ಟಿದರೆ ಕೆಲವರಿಗೆ ಕೈಯಲ್ಲಿ ತುರಿಕೆ, ಗುಳ್ಳೆ ಏಳುತ್ತವೆ. ಕೈಗೆ ಹಳೆಯ ಪ್ಲಾಸ್ಟಿಕ್ ಚೀಲವನ್ನಾದರೂ ಸುತ್ತಿಕೊಳ್ಳಿರಿ. ಮಡಿಯೊಳಗೆ ಕಿತ್ತು ಬೇಲಿಯಾಚೆ ಬಿಟ್ಟರೆ ಪ್ರಯೋಜನವಿಲ್ಲ. ಸುತ್ತ ಹತ್ತು ಮಾರು ಜಾಗದಲ್ಲಿ ಒಂದೂ ಹೂ ಬಿಡದಂತೆ ನೋಡಬೇಕು.

ಎಲ್ಲ ಕಸವೂ ಕಸವಲ್ಲ ಎಂಬುದನ್ನು ನಮ್ಮ ಹೆಣ್ಣುಮಕ್ಕಳು ಗಂಡಸರಿಗಿಂತ ಚೆನ್ನಾಗಿ ಬಲ್ಲರು. ಮಡಿಯಲ್ಲಿ ತಾನಾಗಿ ಹುಟ್ಟುವ ಗೋಣಿ ಪಲ್ಯ, ಕಿರಕಸಾಲಿ, ಹಕ್ಕರಕಿ ಇವನ್ನು ಎಳೆಯದಿರುವಾಗ ಕಿತ್ತರೆ ರೊಟ್ಟಿಗೆ ಜತೆಯಾಯಿತು. ಪಲ್ಯಕ್ಕೆ ದೊಡ್ಡದಾಗಲಿ ಎಂದು ಮಾತ್ರ ಬಿಡಬೇಡಿರಿ. ಗೋಣಿ ಪಲ್ಯವನ್ನು ಕಿತ್ತು ಮಡಿಯ ಮೇಲೆಯೇ ಎಸೆದರೆ ಅದರ ರಸವತ್ತಾದ ಕಾಂಡ ಹಸಿ ತಾಗಿದಲ್ಲಿ ಮತ್ತೆ ಬೇರು ಬಿಡುತ್ತದೆ.

ಬೀಜ ಯಾವುದು?

ಹುಬ್ಬಳ್ಳಿಯ ಅಮರಗೋಳ ಪೇಟೆಗೆ ಹೋದರೆ ತರತರದ ಬೆಳ್ಳುಳ್ಳಿ ಕಾಣುತ್ತೀರಿ. ದಪ್ಪ ಕಂಡದ್ದೆಲ್ಲ ಬೀಜಕ್ಕೆ ಆಗುವುದಿಲ್ಲ. ಬೆಟ್ಟ ಪ್ರದೇಶದ ತಳಿಗಳಿಗೆ ಗಡ್ಡೆ ಕಟ್ಟಲು ಹಗಲು ದೀರ್ಘವಾಗಿರಬೇಕು, ಇಲ್ಲವೇ ನಮ್ಮಲ್ಲಿಲ್ಲದಷ್ಟು ಚಳಿ ಬೇಕು. ಅವನ್ನು ಇಲ್ಲಿ ಊರಿದರೆ ಎಲೆ ಸೊಂಪಾಗಿ ಬರುತ್ತದೆ, ಕೆಳಗೆ ಏನೂ ಇರುವುದಿಲ್ಲ. ಊಟಿಯ ದಪ್ಪ ಎಸಳಿನ ಬೆಳ್ಳುಳ್ಳಿಗೆ ಮರುಳಾಗಬೇಡಿರಿ. ಚೀನಾ ಬೆಳ್ಳುಳ್ಳಿಯ ಆಮದನ್ನು ರೋಗದ ಭಯದಿಂದ 2014ರಲ್ಲಿಯೇ ನಿಷೇಧಿಸಲಾಗಿದೆ. ಆದರೂ 2024ರಲ್ಲಿ ಉಡುಪಿಯ ಪೇಟೆಯಲ್ಲಿ ಅದು ಕಾಣಿಸಿಕೊಂಡು ಗದ್ದಲವಾಯಿತು. ಅಂಥದ್ದನ್ನು ಮಡಿಗೆ ಊರುವುದೆಂದರೆ ಪರದೇಶದ ರೋಗವನ್ನು ಹಿತ್ತಲಿಗೆ ಕರೆತಂದಂತೆ.

ನೆರೆಹೊರೆಯಲ್ಲಿ ವರ್ಷ ವರ್ಷವೂ ಬೆಳೆಯುವವರಿದ್ದರೆ ಅವರ ಜವಾರಿ ಗಡ್ಡೆಯೇ ಎಲ್ಲಕ್ಕಿಂತ ಮೇಲು. ಅದು ಈ ಮಣ್ಣಿಗೆ, ಈ ಹಗಲಿಗೆ ಹೊಂದಿಕೊಂಡದ್ದು. ಸುಧಾರಿತ ತಳಿ ಬೇಕೆಂದರೆ ಪುಣೆ ಹತ್ತಿರದ ರಾಜಗುರುನಗರದಲ್ಲಿರುವ ಈರುಳ್ಳಿ ಮತ್ತು ಬೆಳ್ಳುಳ್ಳಿ ಸಂಶೋಧನ ಸಂಸ್ಥೆಯ ಭೀಮಾ ಪರ್ಪಲ್ ಎಂಬ ನೇರಳೆ ಸಿಪ್ಪೆಯ ತಳಿಯನ್ನು ಕರ್ನಾಟಕಕ್ಕೂ ಶಿಫಾರಸು ಮಾಡಿದ್ದಾರೆ. ಬಿಳಿಯದರಲ್ಲಿ ಯಮುನಾ ಸಫೇದ್, ಅಗ್ರಿಫೌಂಡ್ ವೈಟ್ ಇವೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಕೃಷಿ ಮೇಳ ಸಾಮಾನ್ಯವಾಗಿ ಸೆಪ್ಟೆಂಬರ್ ತಿಂಗಳಲ್ಲಿ ನಡೆಯುವುದರಿಂದ, ಮೇಳಕ್ಕೆ ಹೋದಾಗ ಬೀಜದ ಗಡ್ಡೆ ಎಲ್ಲಿ ಸಿಗುತ್ತದೆಂದು ವಿಚಾರಿಸಿಕೊಂಡು ಬರಲು ಸಮಯ ಸರಿಹೋಗುತ್ತದೆ.

ಒಂದು ಮಡಿಗೆ ಸುಮಾರು ಅರ್ಧ ಕಿಲೋ ಗಡ್ಡೆ ಬೇಕು. ಗಡ್ಡೆಯ ಹೊರಸುತ್ತಿನ ದಪ್ಪ ಎಸಳುಗಳನ್ನು ಮಾತ್ರ ಆರಿಸಿರಿ. ಒಳಗಿನ ಸೀಕಲು ಎಸಳು ಒಗ್ಗರಣೆಗೆ ಇರಲಿ. ಬಿಡಿಸುವ ಕೆಲಸ ಊರುವ ದಿನವೇ ಆಗಬೇಕು, ಎಸಳಿನ ಸಿಪ್ಪೆ ಹರಿಯಬಾರದು. ಮೊನೆ ಮೇಲೆ ಮಾಡಿ ಎರಡು ಬೆರಳು ಆಳಕ್ಕೆ ಊರಿ ಮಣ್ಣು ಮುಚ್ಚಿರಿ. ಹಿಂದಿನ ವರ್ಷ ಉಳ್ಳಾಗಡ್ಡಿ ಬೆಳೆದ ಜಾಗ ಬೇಡ, ಎರಡಕ್ಕೂ ರೋಗ ಒಂದೇ. ನವಲಗುಂದ, ಅಣ್ಣಿಗೇರಿ ಕಡೆಯ ಎರಿ ಭೂಮಿಯವರು ಮಡಿಯನ್ನು ಅರ್ಧ ಅಡಿ ಏರಿಸಿಯೇ ಕಟ್ಟಬೇಕು. ಹಿಂಗಾರು ಮಳೆ ಜೋರಾಗಿ ಹಿಡಿದರೆ ತಗ್ಗು ಮಡಿಯಲ್ಲಿ ಎಸಳು ಕೊಳೆತುಹೋಗುತ್ತದೆ. ಕಲಘಟಗಿ, ಧಾರವಾಡದ ಪಡುವಣ ಭಾಗದ ಮಸಾರಿ ಮಣ್ಣಿನಲ್ಲಿ ಈ ಭಯ ಕಡಿಮೆ, ಆದರೆ ನೀರನ್ನು ಬೇಗ ಬೇಗ ಕೊಡಬೇಕಾಗುತ್ತದೆ.

ದಾರ ಹಿಡಿದು ಊರುವುದು ಏಕೆ?

ಹಿತ್ತಲ ಮಡಿಯಲ್ಲಿ ಸಾಲು ಏಕೆ, ಕೈಗೆ ಬಂದಂತೆ ಊರಿದರಾಯಿತು ಎನ್ನುವವರು ಬಹಳ. ಸಾಲು ಇರುವುದು ಕಸ ತೆಗೆಯುವವರ ಕಣ್ಣಿಗಾಗಿ. ಎಳೆಯ ಬೆಳ್ಳುಳ್ಳಿ, ಎಳೆಯ ಹುಲ್ಲು, ಎಳೆಯ ಜೇಕು ಇವು ಮೂರೂ ದೂರದಿಂದ ಒಂದೇ ತರಹ ಕಾಣುತ್ತವೆ. ಎರಡು ಗೂಟಕ್ಕೆ ದಾರ ಕಟ್ಟಿ ಊರಿದ್ದರೆ ಸಾಲಿನಲ್ಲಿ ಇಲ್ಲದ್ದೆಲ್ಲ ಕಸವೆಂದು ಮಕ್ಕಳಿಗೂ ತಿಳಿಯುತ್ತದೆ. ಸಾಲಿನೊಳಗೇ ಸಂಶಯ ಬಂದರೆ ಎಲೆಯನ್ನು ಹೊಸಕಿ ಮೂಸಿರಿ. ಬೆಳ್ಳುಳ್ಳಿ ತನ್ನ ಹೆಸರನ್ನು ತಾನೇ ಹೇಳುತ್ತದೆ. ಜೇಕಿನ ಹೂಗಡ್ಡಿಯನ್ನು ಬೆರಳಿನಲ್ಲಿ ತಿರುವಿದರೆ ಮೂರು ಮೂಲೆ ಸಿಗುತ್ತವೆ.

ಮಡಿಯ ಅಗಲ 4 ಅಡಿಗಿಂತ ಹೆಚ್ಚಿರಬಾರದೆನ್ನುವುದಕ್ಕೂ ಕಾರಣ ಇದೇ. ಎರಡೂ ಬದಿಯಿಂದ ಎರಡೆರಡು ಅಡಿ ಕೈ ನಿಲುಕಿದರೆ ಮಡಿಯೊಳಗೆ ಕಾಲಿಡುವ ಪ್ರಸಂಗ ಬರುವುದಿಲ್ಲ. ತುಳಿದ ಎರಿ ಮಣ್ಣು ಗಟ್ಟಿಯಾಗಿ ಗಡ್ಡೆ ಅಡ್ಡಾದಿಡ್ಡಿ ಬೆಳೆಯುತ್ತದೆ.

ಮೂರು ಸುತ್ತು

ಮೊದಲ ಸುತ್ತು 20ನೆಯ ದಿನದಿಂದ ಗೌರಿ ಹುಣ್ಣಿಮೆಯ ಒಳಗೆ. ಬೆಳ್ಳುಳ್ಳಿಗೆ ಆಗ ಮೂರು ನಾಲ್ಕು ಎಲೆ ಬಂದಿರುತ್ತವೆ. ಮೂರರಲ್ಲಿ ಇದೇ ಮುಖ್ಯವಾದದ್ದು. ಬೇರೆ ಯಾವುದನ್ನು ತಪ್ಪಿಸಿದರೂ ಇದನ್ನು ತಪ್ಪಿಸಬಾರದು. ಕಸ ಒಂದು ಬೆರಳು ಎತ್ತರವಿರುವಾಗ ಕುರ್ಪಿಯ ತುದಿಯಿಂದ ಮೇಲ್ಮಣ್ಣನ್ನು ಸಡಿಲಿಸಿದರೆ ಸಾಕು, ತಾನೇ ಬಿದ್ದು ಬಾಡುತ್ತದೆ. ಒಂದು ಗೇಣು ಬೆಳೆಯಲು ಬಿಟ್ಟಿರೋ, ಅದನ್ನು ಕೀಳುವಾಗ ಪಕ್ಕದ ಬೆಳ್ಳುಳ್ಳಿಯೂ ಅಲುಗಾಡುತ್ತದೆ. ಅಂಥಲ್ಲಿ ಎಡಗೈ ಬೆರಳುಗಳಿಂದ ಬೆಳ್ಳುಳ್ಳಿಯ ಬುಡ ಒತ್ತಿ ಹಿಡಿದು ಬಲಗೈಯಿಂದ ಕಸ ಕೀಳಬೇಕು. ತೀರ ಅಂಟಿಕೊಂಡಿದ್ದರೆ ಕೀಳದೆ ನೆಲಮಟ್ಟಕ್ಕೆ ಕತ್ತರಿಸಿಬಿಡುವುದೇ ಮೇಲು.

ಯಾವ ದಿನ ಕೂಡಬೇಕು? ನೀರು ಕೊಟ್ಟ ಮರುದಿನ ಮಸಾರಿಯಲ್ಲಿ, ಎರಡು ಮೂರು ದಿನ ಬಿಟ್ಟು ಎರಿಯಲ್ಲಿ, ಮಣ್ಣು ಕೈಗೆ ಅಂಟದಷ್ಟು ಹದವಾದಾಗ. ಒಣ ಎರಿಯಲ್ಲಿ ಕಸದ ಬೇರು ಹರಿಯುತ್ತದೆ, ಕೆಸರಿನಲ್ಲಿ ಕಿತ್ತದ್ದು ಮತ್ತೆ ನಾಟುತ್ತದೆ. ಮುಂಜಾನೆ ಇಬ್ಬನಿ ಆರಿದ ಮೇಲೆ ಸುರುಮಾಡಿದರೆ ಮಧ್ಯಾಹ್ನದ ಬಿಸಿಲಿಗೆ ಕಿತ್ತದ್ದೆಲ್ಲ ಬಾಡುತ್ತದೆ. ಎರಡು ಮಡಿಗೆ ಒಬ್ಬರಿಗೆ ಒಂದು ತಾಸಿನ ಕೆಲಸ. ಈ ಒಂದು ತಾಸೂ ಹೆಂಗಸರ ಪಾಲಿಗೇ ಏಕೆ ಬರಬೇಕೆಂದು ನಮಗೆ ಅರ್ಥವಾಗಿಲ್ಲ. ಆಳು ಮಾಡಿದ್ದು ಹಾಳು, ತಾನು ಮಾಡಿದ್ದು ಉತ್ತಮ ಎಂಬ ಗಾದೆಯನ್ನು ಕಟ್ಟೆಯ ಮೇಲೆ ಕುಳಿತು ಹೇಳುವ ಯಜಮಾನರು ಕುರ್ಪಿ ಹಿಡಿಯಲು ಅಡ್ಡಿಯಿಲ್ಲ.

ಮೇಲುಗೊಬ್ಬರ ಹಾಕುವುದಿದ್ದರೆ ಕಸ ತೆಗೆದ ಮೇಲೆಯೇ ಹಾಕಿರಿ, ಮೊದಲು ಹಾಕಿದರೆ ಅದು ಕಸಕ್ಕೆ ಹಾಕಿದ ಗೊಬ್ಬರ. ರಸಗೊಬ್ಬರ ಬಳಸುವವರು ಒಂದು ಮಡಿಗೆ ಊರುವಾಗ 40 ಗ್ರಾಂ ಯೂರಿಯಾ, 115 ಗ್ರಾಂ ಸೂಪರ್ ಫಾಸ್ಫೇಟ್, 30 ಗ್ರಾಂ ಮ್ಯೂರಿಯೇಟ್ ಆಫ್ ಪೊಟ್ಯಾಶ್ ಕೊಟ್ಟು, ಮೊದಲ ಮತ್ತು ಎರಡನೆಯ ಸುತ್ತಿನ ನಂತರ 20 ಗ್ರಾಂನಂತೆ ಯೂರಿಯಾ ಕೊಟ್ಟರೆ ಸಾಕು. 60 ದಿನ ಕಳೆದ ಮೇಲೆ ಯೂರಿಯಾ ಮುಟ್ಟಬಾರದು. ಮುಟ್ಟಿದರೆ ಗಡ್ಡೆ ಕಟ್ಟುವ ಬದಲು ಎಸಳುಗಳು ಒಳಗೇ ಚಿಗುರುತ್ತವೆ, ಕಿತ್ತ ಮೇಲೆ ಬಾಳಿಕೆಯೂ ಬರುವುದಿಲ್ಲ.

ಮೊದಲ ಸುತ್ತು ಮುಗಿದ ಕೂಡಲೇ ಸಾಲಿನ ನಡುವೆ ಎರಡು ಅಂಗುಲ ದಪ್ಪ ಹೊದಿಕೆ ಹಾಸಿದರೆ ಮುಂದಿನ ಎರಡು ಸುತ್ತು ಬಹಳ ಹಗುರಾಗುತ್ತವೆ. ಶೇಂಗಾ ಹೊಟ್ಟು, ಕಲಘಟಗಿ ಕಡೆಯವರಾದರೆ ಭತ್ತದ ಹುಲ್ಲು, ಒಣಗಿದ ಕಬ್ಬಿನ ರವದಿ, ಯಾವುದಾದರೂ ಆದೀತು. ಕಾಳು ಉಳಿದ ಹುಲ್ಲು ಮಾತ್ರ ಬೇಡ, ಹೊದಿಕೆಯೇ ಕಸವಾಗಿ ಮೊಳೆಯುತ್ತದೆ. ಹೊದಿಕೆಯಿಂದ ಮಣ್ಣಿನ ಹಸಿಯೂ ನಿಲ್ಲುತ್ತದೆ. ಗೆದ್ದಲು ಇರುವ ಹಿತ್ತಲಿನಲ್ಲಿ ತೆಳ್ಳಗೆ ಹಾಸಿ, ಆಗಾಗ ಎತ್ತಿ ನೋಡುತ್ತಿರಬೇಕು.

ಎರಡನೆಯ ಸುತ್ತು 45 ದಿನಕ್ಕೆ, ಛಟ್ಟಿ ಅಮಾವಾಸ್ಯೆಯ ಆಸುಪಾಸು. ಮೂರನೆಯದು ಹೊಸ್ತಿಲ ಹುಣ್ಣಿಮೆಗೆ ಮುಂಚೆ. ಈ ಹೊತ್ತಿಗೆ ಕುರ್ಪಿಯನ್ನು ಮೇಲೆ ಮೇಲೆ ಆಡಿಸಬೇಕು, ಬುಡದ ಹತ್ತಿರ ಒಯ್ಯಬಾರದು. ಹೊಸ್ತಿಲ ಹುಣ್ಣಿಮೆ ಕಳೆದ ಮೇಲೆ ಕುರ್ಪಿಗೆ ರಜೆ. ಗಡ್ಡೆ ಕಟ್ಟುವ ಕಾಲದಲ್ಲಿ ಬೇರು ಕತ್ತರಿಸಿದರೆ, ಗಡ್ಡೆಗೆ ಗಾಯವಾದರೆ ಕಸದಿಂದ ಆಗುವುದಕ್ಕಿಂತ ಹೆಚ್ಚು ನಷ್ಟ. ಆಗ ಮೇಲೆದ್ದು ಕಾಣುವ ಕಸವನ್ನು, ಅದರಲ್ಲೂ ಹೂ ಬಿಡುವುದನ್ನು, ಕೈಯಿಂದ ಎಳೆದರೆ ಸಾಕು. ನೆಲಕ್ಕಂಟಿದ ಸಣ್ಣಪುಟ್ಟದ್ದು ಇದ್ದರೆ ಇರಲಿ.

ಕಸ ಸುಡುವ ಔಷಧಿಗಳ ವಿಚಾರವನ್ನು ಹಲವರು ಕೇಳುತ್ತಾರೆ. ಎಕರೆಗಟ್ಟಲೆ ಬೆಳೆಯುವವರು ಊರಿದ ಕೂಡಲೇ ಪೆಂಡಿಮೆಥಲಿನ್‌ನಂಥ ಕಳೆನಾಶಕ ಸಿಂಪಡಿಸುವ ಪದ್ಧತಿ ಇದೆ. ಅವರು ರೈತ ಸಂಪರ್ಕ ಕೇಂದ್ರದಲ್ಲಿ ಪ್ರಮಾಣ ಕೇಳಿಕೊಂಡೇ ಮುಂದುವರಿಯಬೇಕು. ಮನೆಮಂದಿ ಉಣ್ಣುವ ಎರಡು ಮಡಿಗೆ ಅದರ ಅಗತ್ಯ ನಮಗಂತೂ ಕಾಣುವುದಿಲ್ಲ. ಬದುವಿಗೆ ಹೊಡೆದು ಉಳಿದ ಗ್ಲೈಫೋಸೇಟನ್ನು ಇತ್ತ ತಂದಿರಾದರೆ ಕಸದ ಜತೆ ಬೆಳ್ಳುಳ್ಳಿಯೂ ಸಾಯುತ್ತದೆ. ಆ ಪಂಪನ್ನು ಸರಿಯಾಗಿ ತೊಳೆಯದೆ ಬೇರೆ ಔಷಧಿ ಸಿಂಪಡಿಸಿದರೂ ಅಪಾಯವೇ.

ನೀರು, ನುಸಿ, ಕೀಳುವುದು

ನೀರನ್ನು ಮಸಾರಿಯಲ್ಲಿ 5-7 ದಿನಕ್ಕೊಮ್ಮೆ, ಎರಿಯಲ್ಲಿ 8-10 ದಿನಕ್ಕೊಮ್ಮೆ ಹಗುರಾಗಿ ಕೊಡಿರಿ. ಎಲೆಗಳ ಮೇಲೆ ಬಿಳಿ ಬಿಳಿ ಗೀರು ಕಂಡು ತುದಿ ಸುರುಟಿದರೆ ಥ್ರಿಪ್ಸ್ ನುಸಿ ಬಿದ್ದಿದೆ ಎಂದು ತಿಳಿಯಿರಿ. ನುಸಿ ಕಸದಲ್ಲಿ ಅಡಗಿದ್ದು ಬೆಳ್ಳುಳ್ಳಿಗೆ ಹಾರುವುದರಿಂದ ಹಸನಾದ ಮಡಿಯಲ್ಲಿ ಅದರ ಕಾಟ ಕಡಿಮೆ. ಬಿದ್ದ ಸುರುವಿಗೆ ಬೇವಿನ ಬೀಜದ ಕಷಾಯ ಸಿಂಪಡಿಸಬಹುದು.

ಭಾರತ ಹುಣ್ಣಿಮೆಯ ಸುಮಾರಿಗೆ ಎಲೆ ಹಳದಿಯಾಗಿ ಬಾಗತೊಡಗುತ್ತದೆ. ಅಲ್ಲಿಗೆ ನೀರು ನಿಲ್ಲಿಸಿ 15 ದಿನ ಬಿಟ್ಟು ಕೀಳಬೇಕು. ಪೂರಾ ಒಣಗಲು ಬಿಟ್ಟರೆ ನೆಲದೊಳಗೇ ಎಸಳು ಬಿಚ್ಚಿಕೊಳ್ಳುತ್ತವೆ. ಎರಿಯಲ್ಲಿ ಎಲೆ ಹಿಡಿದು ಜಗ್ಗಿದರೆ ಕುತ್ತಿಗೆ ಮುರಿದು ಗಡ್ಡೆ ಒಳಗುಳಿಯುತ್ತದೆ. ಸಲಿಕೆಯಿಂದ ಬದಿಗೆ ಮೀಟಿ ತೆಗೆಯಿರಿ. ಕಿತ್ತ ಗಿಡಗಳನ್ನು ಒಂದರ ಎಲೆ ಇನ್ನೊಂದರ ಗಡ್ಡೆಯನ್ನು ಮುಚ್ಚುವಂತೆ ಎರಡು ಮೂರು ದಿನ ಒಣಗಿಸಿ, ಆಮೇಲೆ ನೆರಳಿನಲ್ಲಿ ವಾರ ಹತ್ತು ದಿನ ಇಟ್ಟು, ಎಲೆಗಳನ್ನು ಜಡೆಯಂತೆ ಹೆಣೆದು ಜಂತಿಗೆ ತೂಗುಹಾಕಿರಿ. ಗಾಳಿಯಾಡುವ ಜಾಗ ಬೇಕು. ಒಲೆಯ ಹೊಗೆ ತಾಗುವಂತಿದ್ದರೆ ಇನ್ನೂ ಒಳ್ಳೆಯದು.

ಅದಕ್ಕೆ ಮೊದಲು ಮುಂದಿನ ವರ್ಷದ ಬೀಜವನ್ನು ಎತ್ತಿಡಿರಿ. ಎರಡು ಮಡಿಗೆ ಬೇಕಾದದ್ದು 50 ಗಡ್ಡೆ. ಒಳ್ಳೆಯದನ್ನು ಉಂಡು ಸಣ್ಣದನ್ನು ಬೀಜಕ್ಕೆ ಇಡುವ ರೂಢಿಯಿಂದ ಬೆಳ್ಳುಳ್ಳಿ ವರ್ಷದಿಂದ ವರ್ಷಕ್ಕೆ ಕಿರಿದಾಗುತ್ತ ಬಂದ ಹಿತ್ತಲುಗಳು ಬಹಳ. ದಪ್ಪ, ಗಟ್ಟಿ, ಗಾಯವಿಲ್ಲದ 50 ಗಡ್ಡೆಗಳನ್ನು ಮೊದಲು ಆರಿಸಿ, ಒಡೆದು ಹಾಳಾಗುವ ಲೆಕ್ಕಕ್ಕೆ ಇನ್ನೂ ಹತ್ತು ಸೇರಿಸಿ, ಬೇರೆ ಜಡೆ ಹೆಣೆಯಿರಿ. ಆ ಜಡೆಗೆ ಕೆಂಪು ದಾರ ಕಟ್ಟಿ ಮನೆಯವರಿಗೆಲ್ಲ ತೋರಿಸಿ ಇಡಿರಿ. ಇಲ್ಲವಾದರೆ ಆಷಾಢದೊಳಗೆ ಅದೂ ಒಗ್ಗರಣೆಗೆ ಹೋಗಿಬಿಡುತ್ತದೆ.